ಬೆಲ್ಲ ತಿಂದ ಬೂಷ್ಟು

ಒಂದಾನೊಂದು ಪಟ್ಟಣದಲ್ಲಿ, ಸಮುದ್ರದ ಮಗ್ಗುಲಲ್ಲೇ, ಎಣ್ಣೆ ಉಂಡು ಬದುಕುವ ಒಂದು ಬೂಷ್ಟು ಇತ್ತಂತೆ. ಪಟ್ಟಣ ವಿಶಾಖಪಟ್ಟಣ. ಬಂದರಿನ ಜಿಡ್ಡುನೀರಿನಿಂದ ಅದನ್ನು ಹಿಡಿದು ತಂದವಳು ಪ್ರಾರ್ಥನಾ. ಅಪ್ಪನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಅಜ್ಜಿ ವೇದವತಿಯ ಕಥೆ ಕೇಳುತ್ತ ಬೆಳೆದು, ಈಗ ಶಿಲೀಂಧ್ರಗಳ ಸಂಶೋಧನೆಗೆ ಬಿದ್ದಿದ್ದ ಹುಡುಗಿ.

ವಿಜಯವಾಡದ ಲಾರಿ ರಿಪೇರಿ ಶೆಡ್ಡುಗಳ ಹಿಂದೆ ಬಾತುಕೋಳಿ ಸಾಕುತ್ತಿದ್ದ ಮುದುಕಿ ಸೂರ್ಯಕಾಂತಮ್ಮನ ಪುಟ್ಟ ಕೊಳವಿತ್ತು. ಶೆಡ್ಡಿನ ಎಣ್ಣೆ ಹೊತ್ತು ತರುತ್ತಿದ್ದ ಚರಂಡಿಯನ್ನು ಬೇರೆಡೆ ತಿರುಗಿಸಿ, ದಪ್ಪ ಎಣ್ಣೆ ಬಾಚಿ ತೆಗೆದರೂ ನೀರಿನ ಮೇಲಿನ ನವಿಲುಬಣ್ಣದ ಪೊರೆ ಹೋಗಿರಲಿಲ್ಲ. ಗರಿ ಅಂಟಿಕೊಂಡು ಎರಡು ಬಾತುಕೋಳಿ ಸತ್ತಿದ್ದವು. ಉಳಿದ ಒಂಬತ್ತು ಗೂಡಿನಲ್ಲೇ ಇದ್ದವು. ಸಂಕ್ರಾಂತಿಯೊಳಗೆ ನೀರು ತಿಳಿಯಾಗದಿದ್ದರೆ ಅವನ್ನು ತಂಗಿಯ ಊರಿಗೆ ಕಳಿಸಿಬಿಡುತ್ತೇನೆ ಎಂದಳು ಮುದುಕಿ, ಕೊಳದ ಸುದ್ದಿ ಕೇಳಿ ನೋಡಲು ಬಂದಿದ್ದ ಪ್ರಾರ್ಥನಾಳಿಗೆ. ತಿಳಿ ಮಾಡಿಕೊಡುತ್ತೇನೆ ಎಂದು ಅವಳು ಮಾತು ಕೊಟ್ಟಳು.

ತೆಂಗಿನ ನಾರಿನ ಮೇಲೆ ಬೂಷ್ಟು ಬೆಳೆಸಿ, ಬಲೆಚೀಲಗಳಲ್ಲಿ ತುಂಬಿ, ರೈಲಿನಲ್ಲಿ ತಂದು ಕೊಳದಲ್ಲಿ ತೇಲಿಬಿಟ್ಟಳು. ದೂರದಿಂದ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಉಳಿದದ್ದು. ಅಜ್ಜಿಯ ಮನೆಯ ಪದ್ಧತಿ. ಪ್ರಾರ್ಥನಾ ಬೂಷ್ಟಿಗೂ ಅದನ್ನೇ ನಡೆಸಿದಳು. ಚೀಲಗಳ ಮೇಲೆ ದಿನಾ ಒಂದೊಂದು ಲೋಟ ಬೆಲ್ಲದ ನೀರು ಸುರಿಯಲು ಸೂರ್ಯಕಾಂತಮ್ಮನಿಗೆ ಹೇಳಿ ಹೋದಳು.

ಮೂರು ವಾರದಲ್ಲಿ ಬೂಷ್ಟು ಅರಳೆಯಂತೆ ಉಬ್ಬಿತು. ಎಣ್ಣೆಯ ಪೊರೆ ಮಾತ್ರ ಇದ್ದಂತೆಯೇ ಇತ್ತು. ನಿನ್ನ ಬೂಷ್ಟು ಮೈ ತುಂಬಿಕೊಂಡಿದೆಯಮ್ಮ, ನನ್ನ ಬಾತುಗಳು ಸೊರಗಿವೆ ಎಂದು ಮುದುಕಿ ತೆಲುಗಿನಲ್ಲಿ ತಣ್ಣಗೆ ಚುಚ್ಚಿದಳು.

ಪ್ರಾರ್ಥನಾ ಕೊಳದ ದಂಡೆಯಿಂದಲೇ ಅಜ್ಜಿಗೆ ಫೋನು ಮಾಡಿದಳು.

"ಅದಕ್ಕೇನು ಹಾಕ್ತಿದ್ದೀಯೆ?" ಎಂದು ಕೇಳಿದಳು ಅಜ್ಜಿ.

"ದಿನಾ ಬೆಲ್ಲದ ನೀರು. ನೀನೇ ಹೇಳ್ತಿದ್ಯಲ್ಲ."

"ಅಯ್ಯೋ ಪೆದ್ದಿ, ಅದು ಬಂದ ದಿನ ಕೊಡೋದು ಕಣೆ. ದಿನಾ ಬೆಲ್ಲ ಸಿಕ್ಕರೆ ಹಾಗಲಕಾಯಿ ಯಾರು ಮುಟ್ತಾರೆ?"

ಪ್ರಾರ್ಥನಾ ನಾಚಿಕೊಂಡಳು. ಅವಳು ಓದಿದ ಪುಸ್ತಕದಲ್ಲೂ ಅದೇ ಇತ್ತು: ಸುಲಭದ ಸಿಹಿ ಸಿಗುವವರೆಗೆ ಬೂಷ್ಟು ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಬೆಲ್ಲ ನಿಂತಿತು. ಮೊದಲ ವಾರ ಬೂಷ್ಟು ಬಾಡಿ, ಸತ್ತೇಹೋಯಿತೇನೋ ಎಂದು ಅವಳಿಗೆ ದಿಗಿಲಾಯಿತು. ಆಮೇಲೆ ತೆಳ್ಳನೆಯ ಎಳೆಗಳು ಚೀಲ ದಾಟಿ ಪೊರೆಯೊಳಗೆ ಚಾಚಿದವು. ನವಿಲುಬಣ್ಣದ ಪೊರೆ ಅಲ್ಲಲ್ಲಿ ಹರಿದು ತೂತಾಯಿತು, ತೂತುಗಳು ಅಗಲವಾದವು. ಹದಿನೈದು ದಿನಕ್ಕೊಮ್ಮೆ ಅವಳು ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಒಯ್ದಳು. ಜನವರಿ ಮೊದಲ ವಾರದ ಬಾಟಲಿಯಲ್ಲಿ ಎಣ್ಣೆ ಸಿಗಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಎರಡು ದಿನವಿರುವಾಗ ಸೂರ್ಯಕಾಂತಮ್ಮ ಗೂಡಿನ ಬಾಗಿಲು ತೆಗೆದಳು. ಒಂಬತ್ತೂ ನೀರಿಗಿಳಿದವು. ಅರ್ಧ ಗಂಟೆಯ ಬಳಿಕ ಅವಳು ಒಂದನ್ನು ಎತ್ತಿ, ರೆಕ್ಕೆಯನ್ನು ತನ್ನ ಬಿಳಿ ಸೆರಗಿನಿಂದ ಒರೆಸಿ, ಸೆರಗನ್ನು ಬಿಸಿಲಿಗೆ ಹಿಡಿದು ನೋಡಿದಳು.

ಬರೀ ಒದ್ದೆಯಾಗಿತ್ತು.