ನನ್ನೊಳಗೆ ಬಿದ್ದ ಒಂದು ಹಿಡಿ

ನಾನು ಒಂದು ಪೊಟ್ಟಣ. ಪೊಟ್ಟಣ ಎಂದಕೂಡಲೇ ಶೇಂಗಾ ಕಟ್ಟಿಕೊಡುವ ಹಳೇ ಪೇಪರಿನ ಸುರುಳಿ ಎಂದುಕೊಳ್ಳಬೇಡಿ. ಒಂದು ಕಿಲೋ ಹಿಟ್ಟು ಹಿಡಿಯುವ, ತಳ ಬಿಟ್ಟುಕೊಂಡು ತಾನಾಗಿ ನಿಲ್ಲುವ, ಒತ್ತಿದರೆ ಮುಚ್ಚಿ ಎಳೆದರೆ ತೆರೆಯುವ ಬಾಯಿಯ ಗಟ್ಟಿ ಪೊಟ್ಟಣ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ನನ್ನೊಳಗೆ ಹಿಟ್ಟು ತುಂಬಿದ ಕೋಣೆಗೆ ಗೋದಿಯ ಒಂದು ಕಾಳೂ ಬರುವಂತಿರಲಿಲ್ಲ. ಎದೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಗ್ಲುಟೆನ್ ಫ್ರೀ ಪ್ಯಾನ್‌ಕೇಕ್ ಮಿಕ್ಸ್’ ಎಂದು ಬರೆದರು. ಗೋದಿಯಲ್ಲಿರುವ ಜಿಗುಟು ಅಂಶ ನನ್ನಲ್ಲಿಲ್ಲ, ನನ್ನ ಹಿಟ್ಟಿನಿಂದ ದಪ್ಪನೆಯ ಸಿಹಿ ದೋಸೆ ಮಾಡಬಹುದು ಎಂದು ಅದರ ಅರ್ಥ. ನನಗೆ ಸೊಕ್ಕು ಬಂದಿದ್ದರೆ ತಪ್ಪು ನನ್ನದಲ್ಲ, ಆ ಅಕ್ಷರಗಳದ್ದು.

ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರ ಮೇಲಿನ ಹಲಗೆಯಲ್ಲಿ ನನ್ನನ್ನು ಇಟ್ಟರು. ಕಾರಿನಲ್ಲಿ ಬಂದವರು ಬೆಲೆ ನೋಡದೆ ನನ್ನ ಪಕ್ಕದವರನ್ನು ಎತ್ತಿಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ತಾಯಿ ಮಗಳು ಇಬ್ಬರು ಬಂದು ನನ್ನೆದುರು ನಿಂತರು. ತಾಯಿ ಕಸ್ತೂರಿ, ಸೀರೆಗೆ ಫಾಲು ಹಚ್ಚಿ ಮನೆ ನಡೆಸುವವಳು. ಮಗಳು ನೀಲಾಂಬಿಕಾ. ಇಪ್ಪತ್ತೆರಡರ ಹುಡುಗಿ, ಮೈಯಲ್ಲಿ ಮಾಂಸವಿಲ್ಲ, ಕಣ್ಣಿನಲ್ಲಿ ಮಾತ್ರ ಜೋರು. ಪೊಲೀಸ್ ಭರ್ತಿಯ ಬರಹದ ಪರೀಕ್ಷೆ ಪಾಸಾಗಿದ್ದಳು. ಮೈಯ ಪರೀಕ್ಷೆಗೆ ಹನ್ನೊಂದು ವಾರ ಉಳಿದಿತ್ತು. ಅಲ್ಲಿ ನಲವತ್ತೈದು ಕಿಲೋ ತೂಗಬೇಕು. ನೀಲಾ ತೂಗುತ್ತಿದ್ದದ್ದು ನಲವತ್ಮೂರೂವರೆ. ಗೋದಿ ತಿಂದರೆ ಕರುಳು ಕೆಡುವ ಕಾಯಿಲೆ ಅವಳದು. ತಿಂದದ್ದು ಮೈಗೆ ಹತ್ತುವುದಿಲ್ಲ. ಒಂದು ಚಿಟಿಕೆ ಗೋದಿಯೂ ಕೂಡದು ಎಂದು ಡಾಕ್ಟರು ಹೇಳಿದ್ದರು.

ಹಲಗೆಯಲ್ಲಿ ನಾವು ಮೂರು ಜಾತಿಯವರಿದ್ದೆವು. ಪರದೇಶದ ಡಬ್ಬಿಯ ಬೆಲೆ ನೋಡಿ ಕಸ್ತೂರಿ ಅದನ್ನು ಮುಟ್ಟಲೇ ಇಲ್ಲ. ಅಗ್ಗದ ಚೀಟಿಯ ಪೊಟ್ಟಣ ಎತ್ತಿಕೊಂಡಳು. ನೀಲಾ ಅದರ ಬೆನ್ನಿನ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ ವಾಪಸ್ಸಿಟ್ಟಳು.

“ಬ್ಯಾಡವಾ. ಗೋದಿ ಬೀಸೋ ಕಾರ್ಖಾನ್ಯಾಗ ಮಾಡೇವಂತ ಬರದಾರ. ಧೂಳಿ ಬಿದ್ದಿರತೈತಿ.”

ಉಳಿದವನು ನಾನು. ಕಸ್ತೂರಿ ನನ್ನನ್ನು ಎತ್ತಿದಳು, ಬೆಲೆ ನೋಡಿದಳು, ಇಟ್ಟಳು. ನಾಲ್ಕು ದಿನ ಬಿಟ್ಟು ಒಬ್ಬಳೇ ಬಂದು ಮತ್ತೆ ಎತ್ತಿ ಇಟ್ಟಳು. ಆಗ ಅಂಗಡಿಯ ಹುಡುಗಿ, “ಇದರ ತಾರೀಖು ಮುಗಿಯಾಕ ಬಂತ್ರಿ. ಸೋಮವಾರ ಅರ್ಧ ಬೆಲೆ ಬುಟ್ಟಿಗೆ ಹಾಕ್ತೀವಿ” ಎಂದು ಮೆಲ್ಲಗೆ ಹೇಳಿದಳು. ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಕಸ್ತೂರಿ ಹೊರಗೆ ನಿಂತಿದ್ದಳು. ಅವಳಿಗಿಂತ ಮೊದಲು ಬೇರೊಂದು ಕೈ ನನ್ನ ಮೇಲೆ ಬಿತ್ತು. ಆ ಹೆಂಗಸು ನನ್ನನ್ನು ತಿರುವಿ ನೋಡುವಷ್ಟು ಹೊತ್ತು ಕಸ್ತೂರಿ ಉಸಿರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಅವಳು ನನ್ನನ್ನು ಬಿಟ್ಟು ಬಿಸ್ಕೀಟು ತೆಗೆದುಕೊಂಡಳು. ಅರ್ಧ ಬೆಲೆಗೆ ಮಾರಾಟವಾದೆನಲ್ಲ ಎಂದು ನನಗೇನೂ ಬೇಜಾರಾಗಲಿಲ್ಲ.

ಆ ಮನೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಹೇಳತೀರದು. ಹೊಸ ಕಾವಲಿ, ಹೊಸ ಸವಟು, ನನಗೆಂದೇ ಒಂದು ಗೂಡು. ಬೆಳಿಗ್ಗೆ ಮೈದಾನದಲ್ಲಿ ಓಟದ ಅಭ್ಯಾಸ ಮುಗಿಸಿ ಬಂದ ಮಗಳಿಗೆ ಕಸ್ತೂರಿ ಬೆಲ್ಲ, ಬಾಳೆಹಣ್ಣು ಹಿಸುಕಿ ಹಾಕಿ ಎರಡು ದೋಸೆ ಹುಯ್ದು ಕೊಡುತ್ತಿದ್ದಳು. ತಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಮೂರು ವಾರಕ್ಕೆ ನೀಲಾಳ ತೂಕ ನಲವತ್ತೈದು ದಾಟಿತು. ಅಷ್ಟರಲ್ಲಿ ನಾನು ಖಾಲಿಯಾದೆ.

ಇನ್ನೊಂದು ತರುವ ಶಕ್ತಿ ಇರಲಿಲ್ಲ. ನೀಲಾ ನನ್ನ ಬೆನ್ನಿನ ಮೇಲಿನ ಪಟ್ಟಿ ಓದಿ ಹೇಳಿದಳು: ಅಕ್ಕಿ, ಜೋಳ, ಉದ್ದು, ಸ್ವಲ್ಪ ಸೋಡಾ. ಕಸ್ತೂರಿ ನಕ್ಕೇಬಿಟ್ಟಳು. “ಇಷ್ಟೇ ಏನು? ಇದನ್ನ ಮಾಡಾಕ ಇಂಗ್ಲೀಷ್ ಬೇಕಿತ್ತಾ?” ನನ್ನ ಗುಟ್ಟು ಇಷ್ಟು ಬೇಗ ಬಯಲಾದದ್ದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಅವಳು ನನ್ನನ್ನು ಎಸೆಯಲಿಲ್ಲ. ಮನೆಯ ಡಬ್ಬಿಗಳೆಲ್ಲ ಒಂದಲ್ಲ ಒಂದು ಸಲ ಗೋದಿ ಕಂಡವು, ಕಾಣದವನು ನಾನೊಬ್ಬನೇ. ಕಾಳು ಹದಮಾಡಿ ನನ್ನೊಳಗೇ ತುಂಬಿಕೊಂಡು, ಹಿಟ್ಟನ್ನೂ ನನ್ನೊಳಗೇ ತರುವುದೆಂದು ಓಣಿಯ ತುದಿಯ ಗಿರಣಿಗೆ ಹೊರಟಳು.

ಗಿರಣಿಯ ಯಜಮಾನ ಶಿವಪುತ್ರಪ್ಪ. ಹುಬ್ಬಿನ ತನಕ ಹಿಟ್ಟು ಹತ್ತಿದ ಮುದುಕ. ಆ ಗಿರಣಿಯಲ್ಲಿ ಗೋದಿಯೂ ಬೀಸುತ್ತಾರೆಂಬುದು ಕಸ್ತೂರಿಗೆ ಗೊತ್ತಿಲ್ಲದ್ದೇನಲ್ಲ. ಬೆಳಿಗ್ಗೆ ಯಂತ್ರ ಒರೆಸಿ, ಎಲ್ಲರಿಗಿಂತ ಮೊದಲು ತನ್ನದನ್ನು ಬೀಸಿಕೊಡಲು ಕೇಳಬೇಕಿತ್ತು. ಯಾಕೆಂದು ಹೇಳುವುದು? ಮಗಳಿಗೆ ಕಾಯಿಲೆ ಎಂದರೆ ಓಣಿಯೆಲ್ಲ ಸುದ್ದಿ. ನಾಳೆ ನೌಕರಿಗೆ, ನಾಡಿದ್ದು ಮದುವೆಗೆ ಅಡ್ಡ ಬಂದೀತು.

“ಸೋಮವಾರದ ಎಡಿಗೆ ಬೇಕ್ರಿ ಕಾಕಾ. ಮಗಳ ನೌಕರೀ ಸಲುವಾಗಿ ಬೇಡ್ಕೊಂಡೇನಿ. ಸ್ವಚ್ಛ ಮಾಡಿ ಮೊದಲ ನಂದು ಬೀಸಿಕೊಡ್ರಿ” ಎಂದಳು.

ದೇವರಿಗೆ ನೈವೇದ್ಯ ಎಂದಮೇಲೆ ಮುದುಕ ಹಿಂದೆಮುಂದೆ ನೋಡಲಿಲ್ಲ. ಯಂತ್ರ ಕೊಡವಿದ, ಬಟ್ಟೆಯ ಕೊಳವೆ ಬಿಚ್ಚಿ ಝಾಡಿಸಿದ, ಒರೆಸಿದ, ಬೀಸಿದ. ಕಸ್ತೂರಿ ಚಿಲ್ಲರೆಗಾಗಿ ಪರ್ಸು ತಡಕುತ್ತಿದ್ದಳು. ಆಗ ಶಿವಪುತ್ರಪ್ಪ ಮೂಲೆಯಲ್ಲಿದ್ದ ತನ್ನ ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಹಿಟ್ಟು ತಂದ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ನನ್ನೊಳಗೆ ಸುರಿದ. ದೇವರ ಎಡೆಗೆ ತನ್ನದೂ ಒಂದು ಪಾಲು. ಅವನ ಮನೆಯ ಅತಿ ಒಳ್ಳೆಯ ಹಿಟ್ಟು, ಗೋದಿಯದು.

ನಾನು ಕೂಗಿಕೊಂಡೆ. ಪೊಟ್ಟಣದ ಕೂಗು ಬರೀ ಚರಪರ ಸದ್ದು, ಯಾರಿಗೆ ಕೇಳಬೇಕು? ಕಸ್ತೂರಿ ನನ್ನ ಬಾಯಿ ಒತ್ತಿ ಮುಚ್ಚಿ ಎದೆಗವಚಿಕೊಂಡು ನಡೆದಳು.

ಮರುದಿನ ನೀಲಾ ಎರಡು ದೋಸೆ ತಿಂದು, “ಅಂಗಡೀದಕ್ಕಿಂತ ಛಲೋ ಆಗ್ಯಾವವಾ” ಎಂದಳು. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಮೈದಾನದಿಂದ ಅರ್ಧಕ್ಕೇ ಬಂದಳು. ವಾರಕ್ಕೊಮ್ಮೆ ನಾನು ಗಿರಣಿಗೆ ಹೋಗುತ್ತಿದ್ದೆ, ಕಸ್ತೂರಿ ಚಿಲ್ಲರೆ ಹುಡುಕುವ ಹೊತ್ತಿಗೆ ವಾರಕ್ಕೊಂದು ಹಿಡಿ ಬೀಳುತ್ತಿತ್ತು. ತೂಕ ನಲವತ್ನಾಲ್ಕೂವರೆ ಆಯಿತು, ನಲವತ್ನಾಲ್ಕಾಯಿತು. ಮಗಳು ಸೊರಗಿದಷ್ಟೂ ತಾಯಿ ಇನ್ನೊಂದು ದೋಸೆ ಹಾಕುತ್ತಿದ್ದಳು. ಎದೆಯ ಮೇಲೆ ಆ ಅಕ್ಷರಗಳನ್ನು ಹೊತ್ತುಕೊಂಡು ನಾನು ಗೂಡಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಐದನೆಯ ವಾರ ತೂಕ ನಲವತ್ಮೂರಕ್ಕೆ ಇಳಿದಾಗ ಕಸ್ತೂರಿಯ ಸಹನೆ ಹರಿಯಿತು.

“ಖರೇ ಹೇಳು. ಎಲ್ಲಿ ತಿಂದಿ? ಮೈದಾನದ ಗೆಳತ್ಯಾರ ಜೋಡಿ ಪೂರಿ ತಿಂದಿಯೋ, ಬನ್ನು ತಿಂದಿಯೋ?”

“ಇಲ್ಲವಾ.”

“ಮತ್ತ ಹ್ಯಾಂಗ ಇಳೀತು? ನಾ ಒಂದ ಕಾಳು ಗೋದಿ ಮನಿಯಾಗ ಬಿಟ್ಟಿಲ್ಲ. ನಾಲಿಗಿ ಹಿಡತದಾಗ ಇಟ್ಕೊಳ್ಳಾಕ ಆಗದಾಕಿ ಖಾಕಿ ಹಾಕ್ಕೋತಿ?”

ನೀಲಾ ಅಳಲಿಲ್ಲ. ತಟ್ಟೆಯಲ್ಲಿದ್ದ ದೋಸೆಯನ್ನು ಸರಿಸಿ ಎದ್ದಳು. ಎರಡು ದಿನ ಕಸ್ತೂರಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಮೂರನೆಯ ದಿನ ನೀಲಾ ಗೆಳತಿಯ ಮನೆಯಿಂದ ಅಡುಗೆಯ ಪುಟ್ಟ ತಕ್ಕಡಿ ತಂದಳು. ಇನ್ನು ಮೇಲೆ ಗ್ರಾಂ ಲೆಕ್ಕದಲ್ಲಿ ತಿಂದು ತೋರಿಸುತ್ತೇನೆ, ಆಗಲಾದರೂ ನಂಬು ಎಂದಳು. ಕಾಳು ತುಂಬಿದ ನನ್ನನ್ನು ತೂಗಿದಳು: ಸರಿಯಾಗಿ ಒಂದು ಕಿಲೋ. ಗಿರಣಿಯಿಂದ ಬಂದಮೇಲೆ ಮತ್ತೆ ತೂಗಿದಳು. ಮುಳ್ಳು ಕಿಲೋ ದಾಟಿ ನಾಲ್ಕು ಗೀರು ಮುಂದೆ ನಿಂತಿತು.

ಅವಳು ನನ್ನನ್ನು ಇಳಿಸಿ ಮತ್ತೆ ಇಟ್ಟಳು. ಅದೇ ತೂಕ.

“ಅವ್ವಾ, ಬೀಸಿದ್ರ ಗಿರಣಿ ಒಂದೀಟು ತಿಂತೈತಿ, ಕಡಿಮಿ ಆಗಬೇಕು. ಇದು ಹೆಚ್ಚು ಹ್ಯಾಂಗ ಆತು?”

ಕಸ್ತೂರಿ ಸೂಜಿಯನ್ನು ಸೀರೆಗೇ ಚುಚ್ಚಿಟ್ಟು ಎದ್ದಳು. ಇಬ್ಬರೂ ನನ್ನನ್ನು ಎತ್ತಿಕೊಂಡು ಬರಿಗಾಲಲ್ಲೇ ಗಿರಣಿಗೆ ಓಡಿದರು.

ಶಿವಪುತ್ರಪ್ಪ ಸಂಕೋಚದಿಂದ ನಕ್ಕ. “ಗೊತ್ತಾತೇನು? ನಾನೇ ಹಾಕೀನವ್ವಾ, ಪ್ರತೀ ಸಲ ಒಂದ ಹಿಡಿ. ನಮ್ಮ ಓಣಿ ಹುಡುಗಿ ಪೊಲೀಸ್ ಆಗ್ಲಿ ಅಂತ ದೇವರ ಪಾಲಿಗೆ ನಂದೂ ಇರ್ಲಿ ಅಂದೆ. ಹುಳಾ ಹತ್ತಿದ್ದಲ್ಲ ಮತ್ತ, ಛಲೋ ಗೋದಿ.”

ಕಸ್ತೂರಿ ಬಾಯಿ ತೆರೆದಳು. ಬೈಗುಳ ತುದಿನಾಲಿಗೆಯ ತನಕ ಬಂದಿತ್ತು. ಆದರೆ ಬೈಯುವುದು ಯಾರನ್ನು? ಎಡೆ ಎಂದು ಸುಳ್ಳು ಹೇಳಿದವಳು ತಾನು. ಅಲ್ಲೇ ಚೀಲದ ಮೇಲೆ ಕುಸಿದು ಕೂತು ಎಲ್ಲ ಹೇಳಿದಳು: ಕಾಯಿಲೆ, ಡಾಕ್ಟರು, ನಲವತ್ತೈದು ಕಿಲೋ. ಕೇಳುತ್ತ ಕೇಳುತ್ತ ಮುದುಕನ ಮುಖದಲ್ಲಿ ಹಿಟ್ಟು ಯಾವುದು, ಬಣ್ಣ ಯಾವುದು ತಿಳಿಯದಂತಾಯಿತು. ಅವನು ಬೆರಳು ಮಡಚಿ ಎಣಿಸಿದ. “ಆರು ಸಲ ಹಾಕೀನಲ್ಲ ಯವ್ವಾ” ಎಂದು ತನ್ನ ಅಂಗೈಯನ್ನೇ ನೋಡುತ್ತ ನಿಂತ.

ಪರೀಕ್ಷೆಗೆ ಹದಿಮೂರು ದಿನ ಉಳಿದಿತ್ತು. ಕಸ್ತೂರಿ ನನ್ನ ಹಿಟ್ಟು ಸುರಿದು, ತೊಳೆದು, ಬಿಸಿಲಿಗೆ ಒಣಗಿಸಿದಳು. ಕಾಳನ್ನು ಮಿಕ್ಸಿಯಲ್ಲಿ ತಿರುವಿ, ಜರಡಿ ಹಿಡಿದು, ಮತ್ತೆ ತಿರುವಿ, ಹಿಡಿ ಹಿಡಿಯಾಗಿ ನನಗೆ ತುಂಬಿದಳು. ಶಿವಪುತ್ರಪ್ಪ ಬೆಳಿಗ್ಗೆ ಗಿರಣಿ ಬಾಗಿಲಲ್ಲಿ ನಿಂತು, ಓಡಿ ಬರುವ ನೀಲಾಳನ್ನು, “ಎಷ್ಟಾತವ್ವಾ?” ಎಂದು ಕೇಳುತ್ತಿದ್ದ. ನಲವತ್ಮೂರೂವರೆ. ನಲವತ್ನಾಲ್ಕು. ನಲವತ್ನಾಲ್ಕೂವರೆ. ಸಂಖ್ಯೆ ಕೇಳಿದಮೇಲೆಯೇ ಅವನು ಯಂತ್ರ ಶುರುಮಾಡುತ್ತಿದ್ದ.

ಪರೀಕ್ಷೆಯ ದಿನ ನನ್ನೊಳಗೆ ನಾಲ್ಕು ದೋಸೆಗಳಿದ್ದವು. ಕಸ್ತೂರಿ ನನ್ನನ್ನು ಚೀಲದಲ್ಲಿಟ್ಟುಕೊಂಡು ಮೈದಾನದ ತಂತಿ ಬೇಲಿಯ ಹೊರಗೆ ನಿಂತಿದ್ದಳು. ಓಟ ಮೊದಲು ಇತ್ತು. ತನ್ನ ಗುಂಪಿನಲ್ಲಿ ನೀಲಾಳೇ ಮೊದಲು ಬಂದಳು. ಎರಡನೆಯವಳು ಹತ್ತು ಮಾರು ಹಿಂದಿದ್ದಳು. ಕಸ್ತೂರಿ ಬೇಲಿ ಹಿಡಿದು ಕುಣಿದುಬಿಟ್ಟಳು, ಚೀಲದೊಳಗೆ ನಾನೂ ಕುಣಿದೆ. ಆಮೇಲೆ ತೂಕದ ಸಾಲು. ನೀಲಾ ಹೋದವಳು ಬೇಗ ಹೊರಗೆ ಬಂದಳು.

“ಇನ್ನೂರು ಗ್ರಾಂ ಕಡಿಮಿ ಆತವಾ.”

ಕಸ್ತೂರಿ ಮಗಳ ತಲೆಯನ್ನು ಹೆಗಲಿಗೆ ಒತ್ತಿಕೊಂಡಳು. ನನ್ನೊಳಗಿನ ದೋಸೆಗಳನ್ನು ಯಾರೂ ತಿನ್ನಲಿಲ್ಲ.

ಸಂಜೆ ಓಣಿಗೆ ಬಂದಾಗ ಗಿರಣಿ ನಿಂತಿತ್ತು. ಶಿವಪುತ್ರಪ್ಪ ಕಟ್ಟೆಯಿಂದ ಎದ್ದು ಬಂದ. ಅವನಿಗೆ ನೀಲಾಳ ಮುಖ ನೋಡುವ ಧೈರ್ಯವಿರಲಿಲ್ಲ. “ತೂಕ?” ಎಂದಷ್ಟೇ ಕೇಳಿದ.

“ತೂಕ ಬರೋಬ್ಬರಿ ಬಂತ್ರಿ ಅಜ್ಜಾ” ಎಂದಳು ನೀಲಾ. “ಓಟದಾಗ ಸೋತ್ನಿ.”

“ಓಟದಾಗ?” ಮುದುಕ ತಲೆ ಎತ್ತಿದ. “ದಿನಾ ನನ್ನ ಮುಂದ ಕುದರಿ ಹಂಗ ಓಡ್ತಿದ್ದೆಲ್ಲ!”

“ಇವತ್ತ ಕಾಲ ಏಳಲಿಲ್ರಿ.”

ಅವನು ದೊಡ್ಡದಾಗಿ ಉಸಿರುಬಿಟ್ಟ. ಅವಳಿಗಾಗಿ ಮರುಗಿದ, ಬೈದ, ಹಾಲು ಕುಡಿಯಬೇಕಿತ್ತು ಎಂದ. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಕಸ್ತೂರಿ, “ಯಾಕವ್ವಾ ಹಂಗಂದಿ?” ಎಂದು ಕೇಳಿದಳು. “ನೀನೂ ಎಡಿಗೆ ಅಂದಿದ್ದೆಲ್ಲವಾ” ಎಂದು ನೀಲಾ ನನ್ನ ಬಾಯಿ ಬಿಚ್ಚಿ, ತಣ್ಣಗಾದ ದೋಸೆಯನ್ನು ಮುರಿದು ಅವ್ವನಿಗೆ ಅರ್ಧ ಕೊಟ್ಟಳು. ನನ್ನ ಹಿಟ್ಟಿನದನ್ನು ಕಸ್ತೂರಿ ತಿಂದದ್ದು ಅದೇ ಮೊದಲು.

ಇದಾಗಿ ವರ್ಷವಾಯಿತು. ನನಗೆ ವಯಸ್ಸಾಗಿದೆ. ಬಾಯಿ ಸಡಿಲಾಗಿ ಮುಚ್ಚುವುದಿಲ್ಲ, ಎದೆಯ ಅಕ್ಷರಗಳು ತಿಕ್ಕಿ ತಿಕ್ಕಿ ಅಳಿಸಿಹೋಗಿವೆ. ಹಿಟ್ಟಿಗೆ ಈಗ ಹೊಸ ಡಬ್ಬಿ ಬಂದಿದೆ. ನಾನು ಹೊಲಿಗೆ ಯಂತ್ರದ ಖಾನೆಯಲ್ಲಿ ಗುಂಡಿ, ದಾರದ ಉಂಡೆ ಹಿಡಿದುಕೊಂಡು ಕೂತಿದ್ದೇನೆ. ನನ್ನ ಮೇಲೆ ಏನೂ ಬರೆದಿಲ್ಲವೆಂಬುದೇ ಒಂದು ನೆಮ್ಮದಿ. ನೀಲಾಳ ತೂಕ ಈಗ ನಲವತ್ತೇಳು. ಮತ್ತೆ ಭರ್ತಿ ಕರೆದಿದ್ದಾರೆ, ಬರುವ ತಿಂಗಳು ಪರೀಕ್ಷೆ.

ಬೆಳಿಗ್ಗೆ ಅವಳ ಹೆಜ್ಜೆಯ ಸದ್ದು ಓಣಿಯ ತುದಿ ಮುಟ್ಟಿದಾಗ ಗಿರಣಿಯ ಬಾಗಿಲಿಂದ ಮುದುಕನ ಕೂಗು ಇಲ್ಲಿಯ ತನಕ ಕೇಳುತ್ತದೆ.

“ಏ ನೀಲವ್ವಾ, ಕಾಲ ಎತ್ತವಾ! ಈ ಸಲಾನೂ ಓಟದಾಗ ಸೋತಿ ಅಂದ್ರ ನೋಡು ಮತ್ತ!”

“ಹೂನ್ರಿ ಅಜ್ಜಾ!” ಎನ್ನುತ್ತಾಳೆ ಅವಳು. ಗಿರಣಿ ದಾಟುವ ತನಕ ಅವಳ ಹೆಜ್ಜೆ ಇನ್ನೂ ಜೋರಾಗುತ್ತದೆ.