ನೆನೆಹಾಕಿದ ಮೆಂತ್ಯ

"ಮನ್ಯಾಗ ತುಂಬಿಟ್ಟ ನೀರೆಲ್ಲಾ ಚೆಲ್ರಿ. ಒಂದ್ ತಂಬಿಗೀನೂ ಉಳೀಬಾರ್ದು. ಸತ್ತ ಮನಿ ನೀರು ಯಾರಿಗೂ ಆಗಂಗಿಲ್ಲ."

ಕಟ್ಟೆಯ ಮೇಲಿಂದ ಮಾರೆಮ್ಮ ಕೂಗುತ್ತಿದ್ದಳು. ರೇಣುಕಾ ಎರಡು ಕೊಡ ಹಿತ್ತಿಲಿಗೆ ಸುರಿದು ಮೂರನೆಯದಕ್ಕೆ ಬಗ್ಗಿದಾಗ ಒಲೆಯ ಪಕ್ಕದ ಬೋಗುಣಿ ಕಂಡಿತು. ಮುಚ್ಚಿದ ತಟ್ಟೆ ತೆಗೆದಳು. ಮೆಂತ್ಯ ನೀರು ಕುಡಿದು ಅಂಚಿನವರೆಗೆ ಉಬ್ಬಿತ್ತು. ಅತ್ತೆ ಭೀಮಕ್ಕ ನಿನ್ನೆ ಸಂಜೆ ನೆನೆಹಾಕಿದ್ದು. ಬೆಳಿಗ್ಗೆ ಎದ್ದು ರುಬ್ಬಬೇಕಾದವಳು ಈಗ ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಪಡಸಾಲೆಯ ಗೋಡೆಗೆ ಒರಗಿದ್ದಳು.

"ಏನದು ಕೈಯಾಗ?" ಮಾರೆಮ್ಮ ಬಾಗಿಲಿಗೇ ಬಂದಳು. ಭೀಮಕ್ಕನ ಗಂಡನ ಅಕ್ಕ. ಇವತ್ತು ಎಲ್ಲ ಅವಳದೇ ಮಾತು.

"ಮೆಂತೆ ರೀ ದೊಡ್ಡತ್ತಿ. ಅತ್ತಿ ನೆನಿ ಹಾಕಿದ್ರು."

"ಅದನ್ನೂ ಚೆಲ್ಲು."

ರೇಣುಕಾ ಬೋಗುಣಿ ಹಿಡಿದು ಹಿತ್ತಿಲಿಗೆ ಹೋದಳು. ಚೆಲ್ಲಲು ಕೈ ಬರಲಿಲ್ಲ. ಒರಳಿನ ಹಿಂದೆ ಇಟ್ಟು ಬಂದಳು.

ಅಂಗಳದಲ್ಲಿ ಹೆಂಗಸರ ಮಾತು ನಡೆದಿತ್ತು.

"ಜ್ವರ ಬಂದು ನನ್ನ ಮೊಮ್ಮಗಳ ತಲಿ ಬೋಳಾಗಿತ್ತು ನೋಡ್ರಿ," ಅಂದಳು ಪಕ್ಕದ ಮನೆಯ ಹಸನಬೀ. "ಭೀಮಕ್ಕ ಏಳು ಆಯ್ತವಾರ ದಾಸವಾಳದ ಎಲಿ, ಮೆಂತೆ, ಹುಳಿ ಮಸರು ಅರದು ಹಚ್ಚಿದ್ಲು. ಈಗ ಜಡಿ ಹೆಣಿಯಾಕ ಬರತೈತಿ."

"ನನಗ ಉಳ್ಳಾಗಡ್ಡಿ ರಸ ಹಚ್ಚಿದ್ಲಲ್ಲ," ಅಂದಳು ಶಾಂತಕ್ಕ. "ಎಂಟು ದಿನ ಗಂಡ ಹತ್ರ ಸುಳೀಲಿಲ್ಲ."

ನಾಲ್ಕು ಜನ ನಕ್ಕುಬಿಟ್ಟರು. ಆಮೇಲೆ ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡರು.

"ರೇಣುಕಾನ ಜಡಿ ನೋಡ್ರಿ, ಸೊಂಟದ ಕೆಳಗ ಐತಿ. ಎಲ್ಲಾ ಭೀಮಕ್ಕನ ಕೈ."

ರೇಣುಕಾ ಜಡೆಯನ್ನು ಸೆರಗಿನೊಳಗೆ ಎಳೆದುಕೊಂಡಳು.

*

ಮೆಂತ್ಯ ಹಚ್ಚಿದ ತಲೆಯ ವಾಸನೆ ಎರಡು ದಿನ ಹೋಗುವುದಿಲ್ಲ. ಕುಷ್ಟಗಿಯ ಹೊಲಿಗೆ ತರಗತಿಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡ ದಿನವೇ ರೇಣುಕಾ ಶಾಂಪೂ ಪಾಕೀಟು ತಂದಳು. ಆಯ್ತವಾರ ಅತ್ತೆ ಅವಳನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡು, ಹಿಂದೆ ತಾನು ಕೂತು, ಬೈತಲೆ ಬಿಡಿಸಿ ಬಿಡಿಸಿ ಹಚ್ಚುವಳು. ಇವಳು ಬಚ್ಚಲಿಗೆ ಹೋಗಿ ಅದನ್ನೆಲ್ಲ ತೊಳೆದು ಶಾಂಪೂ ಉಜ್ಜಿಕೊಂಡು, ಖಾಲಿ ಪಾಕೀಟನ್ನು ಒಲೆಗೆ ತುರುಕುವಳು. ಎರಡು ವರ್ಷ ಹೀಗೇ ನಡೆಯಿತು.

ಹೋದ ಆಯ್ತವಾರ ಪಾಕೀಟು ಬಚ್ಚಲ ಗೂಡಿನಲ್ಲಿ ಮರೆತಿದ್ದಳು. ತಲೆಗೆ ಹಚ್ಚಿಸಿಕೊಂಡು ಒಳಗೆ ಹೋಗಿ ನೋಡಿದರೆ ಯಾರೋ ಅದರ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿ, ಚೆಲ್ಲದಂತೆ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಒದ್ದೆ ಕೈಯಲ್ಲಿ ಪಾಕೀಟು ಹರಿಯಲು ಬರುವುದಿಲ್ಲವಲ್ಲ.

ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬಳೇ. ಅವಳು ಏನೂ ಕೇಳಲಿಲ್ಲ. ಬರುವ ಆಯ್ತವಾರ ತಪ್ಪಾಯಿತೆಂದು ಹೇಳಿಬಿಡಬೇಕು ಅಂದುಕೊಂಡಳು ರೇಣುಕಾ.

ಇವತ್ತೇ ಆ ಆಯ್ತವಾರ.

*

ಯಲಬುರ್ಗಾದ ಬಸ್ಸಿಗೆ ಭೀಮಕ್ಕನ ತವರಿನವರು ಸೀರೆ ತಂದರು. ಹೊಸ ನೀರು ಕಾಯಿಸಿ, ಹಿತ್ತಿಲಲ್ಲಿ ಮರೆ ಹಿಡಿದು ಹೆಣಕ್ಕೆ ಸ್ನಾನ ಮಾಡಿಸಲು ನಿಂತರು. ಮಾರೆಮ್ಮ ಶಾಂಪೂ ಪಾಕೀಟನ್ನು ಹಲ್ಲಿಗೆ ಕಚ್ಚಿದ್ದಳು.

"ಅದು ಬ್ಯಾಡ್ರಿ," ಅಂದಳು ರೇಣುಕಾ. ಅವಳ ಕೈಯಲ್ಲಿ ರುಬ್ಬಿದ ಮೆಂತ್ಯವಿತ್ತು.

"ಚೆಲ್ಲಂತ ಹೇಳಿದ್ನಲ್ಲ ನಿನಗ!"

"ಅವರು ನೆನಿ ಹಾಕಿದ್ದು ಅವರಿಗೇ ಹಚ್ಚತೀನ್ರಿ."

"ಹಚ್ಚಲಿ ಬಿಡು ಮಾರೆಮ್ಮ," ಮರೆಯ ಆಚೆಯಿಂದ ಹಸನಬೀ ಅಂದಳು. "ಓಣಿಗೆಲ್ಲಾ ಹಚ್ಚಿದಾಕಿ. ಆಕಿ ತಲಿಗೆ ಒಂದಿನಾ ಯಾರರ ಹಚ್ಚ್ಯಾರೇನು?"

ನಿಂಬೆಕಾಯಿಯಷ್ಟೇ ಇದ್ದ ತುರುಬು ಬಿಚ್ಚಿ ರೇಣುಕಾ ಬೈತಲೆ ಬಿಡಿಸಿದಳು. ಕಿವಿಯ ಹತ್ತಿರ ಬಗ್ಗಿ, "ವಾಸನಿಗೆ ನಾಚಿ ತೊಳಕೊಂತಿದ್ನಿ ಅತ್ತಿ. ತಪ್ಪಾತು," ಅಂದಳು.

ಮಾರೆಮ್ಮನಿಗೂ ಕೇಳಿಸಿತು. ತಂಬಿಗೆ ಎತ್ತಿದವಳು ಹಾಗೇ ನಿಂತಳು.

"ಆಕೀಗೆ ಗೊತ್ತಿತ್ತು. ಪಾಪ, ನಾಕು ಮಂದ್ಯಾಗ ಕುಂದ್ರಾಕಿ, ತೊಳಕೊಳ್ಳಲಿ ಅಂತಿದ್ಲು."

"ಮತ್ತ್ಯಾಕ ಹಚ್ಚತಿದ್ರು?"

"ನಾನೂ ಕೇಳಿದ್ನಿ. ಅಷ್ಟೊತ್ತರ ನನ್ನ ಮುಂದ ಕುಂತಿರತಾಳಲ್ಲ, ಅಂದ್ಲು."

ಮಾರೆಮ್ಮ ಮೆಲ್ಲಗೆ ನೀರು ಹೊಯ್ದಳು.

ನಾಲ್ಕು ಗಂಟೆಗೆ ಮಣ್ಣಿಗೆ ಒಯ್ದರು. ಹೆಂಗಸರು ಒಬ್ಬೊಬ್ಬರಾಗಿ ತಲೆಗೆ ನೀರು ಹೊಯ್ದುಕೊಂಡು ಬಂದರು. ರೇಣುಕಾ ಬಚ್ಚಲಿಗೆ ಹೋಗಲಿಲ್ಲ. ಒರಳಿಗೆ ಅಂಟಿದ್ದ ಮೆಂತ್ಯವನ್ನು ಬೆರಳಿನಿಂದ ಬಳಿದು ತಲೆಗೆ ಹಚ್ಚಿಕೊಂಡಳು. ಮಾರೆಮ್ಮ ನೋಡಿದಳು, ಚೆಲ್ಲು ಅನ್ನಲಿಲ್ಲ. ರೇಣುಕಾ ಹಿತ್ತಿಲ ಕಲ್ಲಿನ ಮೇಲೆ, ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಬಿಸಿಲಿಗೆ ಮುಖ ಮಾಡಿ ಕೂತಳು.