ಲಾತುಲಿಪ್ ಗೋಡೆ ಕಾಯ್ದ ರೋಸೇರ್

ರೋಸೇರ್ ಲಾತುಲಿಪ್ ಅವರು ಯಾರನ್ನೇ ಕಂಡರೂ ಮಾತಿಗೆ ಮೊದಲು ಮೂಗು ಮುಂದೆ ಮಾಡುತ್ತಿದ್ದರು. ಗದ್ದವನ್ನು ತುಸು ಮೇಲೆತ್ತಿ, ಕಣ್ಣು ಅರೆಮುಚ್ಚಿ, ಸಣ್ಣಗೆ ಒಮ್ಮೆ ಉಸಿರೆಳೆದುಕೊಂಡು, ಆಮೇಲೆ ಕೇಳುತ್ತಿದ್ದರು: “ನೀನು ಯಾರ ಪೈಕಿ?” ಸಾಂ-ಕ್ಲೋವಿಸ್ ಊರಿನ ಚೀಸ್ ಕಾರ್ಖಾನೆಯ ಬಾಗಿಲಲ್ಲಿ ಮೂವತ್ತೊಂದು ವರ್ಷ ನಿಂತು, ರೈತರು ತಂದ ಹಾಲಿನ ಕ್ಯಾನುಗಳ ಮುಚ್ಚಳ ತೆಗೆದು ಮೂಸಿ, ಒಳಗೆ ಬಿಡಬೇಕೋ ಹಿಂದಕ್ಕೆ ಕಳಿಸಬೇಕೋ ಎಂದು ತೀರ್ಮಾನಿಸಿದ ಮೂಗು ಅದು. ಕೆಲಸ ಬಿಟ್ಟ ಮೇಲೂ ಮೂಗಿಗೆ ನಿವೃತ್ತಿ ಸಿಗಲಿಲ್ಲ. ಕಾರ್ಖಾನೆಯ ಬೂದು ಬಣ್ಣದ ನಿಲುವಂಗಿಗೂ ಸಿಗಲಿಲ್ಲ. ಭಾನುವಾರದ ಪೂಜೆಗೆ ಕೂಡ ಅದನ್ನೇ ಕೋಟಿನ ಮೇಲೆ ತೊಟ್ಟು ಬರುತ್ತಿದ್ದರು. ಅದರ ಎಡಜೇಬಿನಲ್ಲಿ ಗಿಡ್ಡ ಪೆನ್ಸಿಲು ಮತ್ತು ಮರದ ಅಡಿಕೋಲು, ಬಲಜೇಬಿನಲ್ಲಿ ಬಡಗಿಗಳು ಬಳಸುವ, ಗಾಳಿಗುಳ್ಳೆಯ ಮಟ್ಟಗೋಲು ಇರುತ್ತಿದ್ದವು. ವರ್ಷಗಟ್ಟಲೆ ಬಲಗೈಯಲ್ಲೇ ಕ್ಯಾನು ಎತ್ತಿ ಎತ್ತಿ ದೇಹ ಎಡಕ್ಕೆ ವಾಲಿ ನಿಂತುಬಿಟ್ಟಿತ್ತು. ನಡೆದು ಬರುವಾಗ, ಕಾಣದ ಕ್ಯಾನೊಂದು ಇನ್ನೂ ಅವರ ಕೈಯಲ್ಲಿದೆ ಎನ್ನಿಸುತ್ತಿತ್ತು.

ನಮ್ಮ ಊರಿನಲ್ಲಿ ನಾಲ್ಕು ಮನೆಗೆ ಮೂರು ಮನೆ ಲಾತುಲಿಪ್. ಹಾಗಾಗಿ ಆ ಹೆಸರಿನಿಂದ ಯಾರಿಗೂ ಯಾವ ಉಪಯೋಗವೂ ಇಲ್ಲ; ಅಂಚೆಯವನಿಗೂ ಇಲ್ಲ, ಪಾದ್ರಿಗೂ ಇಲ್ಲ. ಅಪ್ಪನ ಹೆಸರು, ಅಜ್ಜನ ಹೆಸರು ಸೇರಿಸಿ ಹೇಳಿದರೆ ಮಾತ್ರ ಮನುಷ್ಯ ಯಾರೆಂದು ತಿಳಿಯುತ್ತದೆ. ರೋಸೇರ್ ಅವರು ಜೋಟಿಕನ ಅಲ್ಸೀದನ ರೋಸೇರ. ಮಕ್ಕಳು ಪ್ರಾರ್ಥನೆ ಕಲಿಯುವ ಮೊದಲೇ ಈ ಸರಪಣಿಯನ್ನು ಕಲಿಯುತ್ತವೆ. ಅದು ಹಿಂದೆ ಹಿಂದೆ ಹೋಗಿ, ಮುನ್ನೂರು ವರ್ಷಗಳ ಕೆಳಗೆ ಫ್ರೆಂಚ್ ರಾಜನ ಪಡೆಯ ಜೊತೆ ಇಲ್ಲಿ ಹಡಗಿಳಿದ ಸಿಪಾಯಿಯೊಬ್ಬನಲ್ಲಿ ನಿಲ್ಲುತ್ತದೆ. ಪಡೆಯಲ್ಲಿ ಎಲ್ಲರಿಗೂ ಅಡ್ಡಹೆಸರು ಇಡುತ್ತಿದ್ದರಂತೆ. ಅವನಿಗೆ ಬಿದ್ದದ್ದು ತುಲಿಪ್ ಹೂವಿನ ಹೆಸರು. ಯಾಕೆಂದು ರೋಸೇರ್ ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಅವರು ಹಿಂಜರಿಯುತ್ತಿರಲಿಲ್ಲ.

ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಒಂದು ಗೋಡೆಯಿದೆ. ಲಾತುಲಿಪ್ ಕುಟುಂಬ ಸಂಘ ಶುರುವಾದ ವರ್ಷ ಅದರ ಅಧ್ಯಕ್ಷರಾದ ರೋಸೇರ್ ಅವರೇ ಸುಣ್ಣ ಬಳಿದು, ಹೆಸರು ಗಳಿಸಿದ ಲಾತುಲಿಪ್‌ಗಳ ಪಟಗಳನ್ನು ಅದಕ್ಕೆ ತೂಗುಹಾಕತೊಡಗಿದರು. ಮೊದಲ ಚೌಕಟ್ಟಿನಲ್ಲಿ ಮುಖವಿಲ್ಲ, ಬರೀ ಒಂದು ತುಲಿಪ್ ಹೂವಿನ ಚಿತ್ರ. ಆಮೇಲೆ ಉತ್ತರದ ಹಿಮಸೀಮೆಯಲ್ಲಿ ನಾಯಿಬಂಡಿ ಏರಿ ಊರೂರು ತಿರುಗಿದ ಬಿಷಪ್ಪರು; ಅವರು ರೋಸೇರ್ ಅವರ ಸ್ವಂತ ದೊಡ್ಡಪ್ಪ. ಕುದುರೆಯನ್ನು ಹೆಗಲ ಮೇಲೆ ಹೊತ್ತು ಏಣಿ ಹತ್ತಿದ ಪೈಲ್ವಾನ, ಮುರಿದ ಮೂಳೆ ಕೂಡಿಸುತ್ತಿದ್ದ ಒಬ್ಬ ಮುದುಕಿ, ಎರಡು ಗ್ರಾಮಫೋನ್ ತಟ್ಟೆ ಹೊರತಂದ ಗಾಯಕಿ, ಮಸಾಚುಸೆಟ್ಸಿನ ಗಿರಣಿ ಊರೊಂದಕ್ಕೆ ಮೇಯರ್ ಆದವನು. ಗೋಡೆ ಏರಲು ಒಂದೇ ನಿಯಮ: ಸಿಪಾಯಿಯಿಂದ ರಕ್ತದಲ್ಲಿ ಇಳಿದಿರಬೇಕು, ಪ್ರತಿ ಕೊಂಡಿಗೂ ಚರ್ಚಿನ ದಾಖಲೆ ಇರಬೇಕು. ಸಂಘದ ಸದಸ್ಯತ್ವಕ್ಕೂ ಅದೇ ನಿಯಮ. ಊರಿನ ಹೊರಗಿನಿಂದ ಟೀವಿ ನಟನೊಬ್ಬ ದೊಡ್ಡ ಕಾರಿನಲ್ಲಿ ಬಂದು ತನ್ನ ಪಟವನ್ನು ತಾನೇ ಕೊಟ್ಟಾಗ ರೋಸೇರ್ ಅದನ್ನು ಎರಡು ತಿಂಗಳು ಇಟ್ಟುಕೊಂಡು, ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿ, ಅಂಚೆಯಲ್ಲಿ ಹಿಂದಿರುಗಿಸಿದರು. ಜೊತೆಗೆ ಒಂದು ಚೀಟಿ: “ನಿಮ್ಮದು ಬೇರೆ ಸಿಪಾಯಿ. ಹೆಸರು ಒಂದೇ, ಹೂವು ಬೇರೆ.”

ಅವರು ಹೊರಗಿನವರಿಗೆ ಮಾತ್ರ ಹೀಗಿದ್ದರು ಎಂದುಕೊಂಡರೆ ತಪ್ಪು. ಕಾರ್ಖಾನೆಗೆ ಸೇರಿದ ಎರಡನೇ ಬೇಸಿಗೆಯಲ್ಲಿ ಅವರ ಅಪ್ಪ ಅಲ್ಸೀದ್ ಸಾಲಿನಲ್ಲಿ ಬಂಡಿ ನಿಲ್ಲಿಸಿದ. ಮಗ ಮುಚ್ಚಳ ತೆಗೆದು ಮೂಸಿದ.

“ಅಪ್ಪ, ಹಿಂದಕ್ಕೆ.”

“ನಿಮ್ಮಮ್ಮ ಕರೆದ ಹಾಲು ಕಣೋ ಅದು!”

“ಅಮ್ಮ ಚೆನ್ನಾಗೇ ಕರೆದಿರ್ತಾಳೆ. ಕ್ಯಾನು ತೊಳೆದೋನು ನೀನು.”

ಸಾಲಿನಲ್ಲಿದ್ದವರು ನಕ್ಕು ನಕ್ಕು ಬಂಡಿಯ ಅಂಚು ಹಿಡಿದುಕೊಂಡರು. ಅಲ್ಸೀದ್ ಕ್ರಿಸ್‌ಮಸ್‌ವರೆಗೆ ಮಗನ ಜೊತೆ ಮಾತಾಡಲಿಲ್ಲ.

ಈ ಮೂಗಿನ ಎದುರು ಹದಿನೆಂಟು ವರ್ಷ ಸೋತವಳು ಫೆರ್ನಾಂದ್. ಸಂಘದ ಕಾರ್ಯದರ್ಶಿ, ಹುಟ್ಟಿದ್ದೂ ಲಾತುಲಿಪ್, ಮದುವೆಯಾದದ್ದೂ ಲಾತುಲಿಪ್. ಗಂಡ ಒರೆಲ್ ಯುದ್ಧದ ಕಾಲದಲ್ಲಿ ಎರಡು ಚಳಿಗಾಲ ದೇಶದ ಅತಿ ದೊಡ್ಡ ಐಸ್ ಹಾಕಿ ಲೀಗಿನಲ್ಲಿ ಗೋಲು ಕಾಯ್ದವನು. ಆಗ ಮುಖವಾಡ ಹಾಕುವ ಪದ್ಧತಿ ಇರಲಿಲ್ಲ. ಅವನ ಮುಖದಲ್ಲಿ ನಲವತ್ತು ಹೊಲಿಗೆಗಳ ಗುರುತು. ಅವನ ಆಟವನ್ನು ರೇಡಿಯೋದಲ್ಲಿ ಕೇಳಲು ಇಡೀ ಊರು ಜನರಲ್ ಸ್ಟೋರಿನಲ್ಲಿ ಸೇರುತ್ತಿತ್ತು. ಆದರೂ ಅವನ ಪಟ ಗೋಡೆಯ ಮೇಲಿರಲಿಲ್ಲ. ಮಕ್ಕಳಿಲ್ಲದ ಎದೋರ್ ಲಾತುಲಿಪ್ ದಂಪತಿ ಅವನನ್ನು ಹನ್ನೊಂದು ತಿಂಗಳ ಕೂಸಾಗಿದ್ದಾಗ ಪಟ್ಟಣದ ಸನ್ಯಾಸಿನಿಯರ ಅನಾಥಾಲಯದಿಂದ ತಂದು ಸಾಕಿದ್ದರು. ಅವನ ಸರಪಣಿಗೆ ಒಂದೇ ಕೊಂಡಿ.

ರೋಸೇರ್ ಅವರಿಗೆ ಒರೆಲ್ ಮೇಲೆ ದ್ವೇಷವೇನೂ ಇರಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಅವನ ಅಡುಗೆಮನೆಯಲ್ಲೇ ಕೂತು ಇಸ್ಪೀಟು ಆಡುತ್ತಿದ್ದರು, ಫೆರ್ನಾಂದ್ ಮಾಡಿದ ಬಟಾಣಿ ಸಾರು ಎರಡು ಬಟ್ಟಲು ಕುಡಿಯುತ್ತಿದ್ದರು. ಪ್ರತಿ ವರ್ಷ ಸಂಘದ ಸಭೆಗೆ ಮೊದಲು ಅವಳು ಕೇಳುತ್ತಿದ್ದಳು. ಪ್ರತಿ ವರ್ಷ ಅದೇ ಉತ್ತರ.

“ನಿನ್ನ ಗಂಡನ್ನ ನಾನು ಬೇಡ ಅಂದಿಲ್ಲ ಫೆರ್ನಾಂದ್. ಕ್ಯಾನು ಹಿಂದಕ್ಕೆ ಕಳಿಸಿದ್ದೀನಿ, ಅಷ್ಟೆ.”

“ಹುಳಿ ವಾಸನೆ ಬರ್ತಿದ್ಯಾ ಅವನಿಂದ?”

“ವಾಸನೇನೇ ಇಲ್ಲ. ಅದೇ ತೊಂದ್ರೆ. ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ.”

ಒರೆಲ್ ಎಲೆ ಕಲಸುತ್ತಾ, “ಬಿಡೇ, ಆಟ ಹಾಕೋಕೆ ಬಿಡು ಅವನಿಗೆ,” ಎನ್ನುತ್ತಿದ್ದ. ಆದರೆ ಹದಿನೆಂಟನೆಯ ವರ್ಷದ ವಸಂತದಲ್ಲಿ ಅವನ ಹೃದಯ ಎರಡನೆಯ ಸಲ ಕೈಕೊಟ್ಟಿತ್ತು. ಮೂರನೆಯದಕ್ಕೆ ಮುಂಚೆ, ಅವನು ನೋಡುವ ಹಾಗೆ, ಅವನ ಪಟ ಆ ಗೋಡೆಯ ಮೇಲಿರಬೇಕು ಎಂಬುದೊಂದೇ ಫೆರ್ನಾಂದಳ ತಲೆಯಲ್ಲಿತ್ತು.

ಎಪ್ಪತ್ತೈದಾದ ರೋಸೇರ್ ಅವರಿಗೆ ಆಗ ಕಣ್ಣು ಮಂಜಾಗತೊಡಗಿತ್ತು. ಚರ್ಚಿನ ಹಳೆಯ ದಾಖಲೆಗಳ ನಕಲನ್ನು ಫೆರ್ನಾಂದ್ ಓದಿ ದಪ್ಪಕ್ಷರದಲ್ಲಿ ಟೈಪು ಮಾಡಿಕೊಡುತ್ತಿದ್ದಳು. ಅವರು ಅಡಿಕೋಲು ಇಟ್ಟು ಸಾಲು ಸಾಲಾಗಿ ಪರೀಕ್ಷಿಸಿ, ಪ್ರತಿ ಸಾಲಿನ ಮುಂದೆ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಮಗು ಸತ್ತರೆ ಅದರ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ನಮ್ಮ ಕಡೆಯ ವಾಡಿಕೆ. “ಬ್ಯಾಪ್ಟಿಸಮ್ ದಾಖಲೆ ಸಿಕ್ತು ಅಂತ ಕುಣೀಬೇಡಿ, ಸಮಾಧಿ ಪುಸ್ತಕಾನೂ ನೋಡಿ” ಎಂದು ರೋಸೇರ್ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ತಮ್ಮ ಅಜ್ಜ ಜೋಟಿಕನ ವಿಷಯದಲ್ಲಿ ಮಾತ್ರ ಅವರು ಅದನ್ನು ನೋಡಿರಲಿಲ್ಲ. ಎಂಬತ್ತು ದಾಟಿ ಬದುಕಿದ ಅಜ್ಜ, ತೊಡೆಯ ಮೇಲೆ ಕೂರಿಸಿಕೊಂಡು ಸಿಪಾಯಿಯ ಕತೆ ಹೇಳಿದ ಅಜ್ಜ. ಅವನ ಹೆಸರನ್ನು ಕೂಸುಗಳ ಸಮಾಧಿ ಪಟ್ಟಿಯಲ್ಲಿ ಯಾರು ಹುಡುಕುತ್ತಾರೆ?

ಜುಲೈ ತಿಂಗಳ ಒಂದು ಬೆಳಿಗ್ಗೆ ಫೆರ್ನಾಂದಳಿಗೆ ಆ ಸಾಲು ಸಿಕ್ಕಿತು. ೧೮೪೭ರ ಫೆಬ್ರವರಿ: ಮೊಯೀಸ್ ಲಾತುಲಿಪ್ ಎಂಬ ರೈತನ ಮಗ ಜೋಟಿಕ್, ನಾಲ್ಕು ತಿಂಗಳು, ಸಮಾಧಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಸಾಲು: ಬರಗಾಲಕ್ಕೆ ಓಡಿಬಂದ ಐರಿಶರ ಜ್ವರ ಹತ್ತಿದ ಹಡಗುಗಳಿಂದ ಇಳಿಸಿದ ಗಂಡು ಮಗು, ಸುಮಾರು ಎರಡು ವರ್ಷ, ತಂದೆತಾಯಿ ಯಾರೆಂದು ತಿಳಿಯದು, ಜೋಟಿಕ್ ಎಂದು ಹೆಸರಿಡಲಾಗಿದೆ; ಸಾಕಲು ಒಪ್ಪಿಕೊಂಡವನು ಮೊಯೀಸ್ ಲಾತುಲಿಪ್. ಆ ಮೇಲೆ ಮೊಯೀಸನ ಮನೆಯಲ್ಲಿ ಬೇರೆ ಜೋಟಿಕ್ ಹುಟ್ಟಿರಲಿಲ್ಲ. ರೋಸೇರ್ ಅವರ ಸರಪಣಿಯಲ್ಲಿ ಅಜ್ಜ ಜೋಟಿಕನ ಅಪ್ಪ ಇದೇ ಮೊಯೀಸ್.

ಅವಳು ಆ ಹಾಳೆಯನ್ನು ಮೂರು ವಾರ ಅಡುಗೆ ಪುಸ್ತಕದೊಳಗೆ ಇಟ್ಟುಕೊಂಡಳು. ತುಂಬಿದ ಸಭೆಯಲ್ಲಿ ಎದ್ದು ನಿಂತು ಓದಿದರೆ ಹೇಗಿರುತ್ತದೆ ಎಂದು ಮಾಂಸದ ಕಡುಬಿನ ಹಿಟ್ಟು ನಾದುತ್ತಾ ಹಲವು ಸಲ ಮನಸ್ಸಿನಲ್ಲೇ ಓದಿಕೊಂಡಳು. ಕೊನೆಗೆ ಗಂಡನಿಗೆ ತೋರಿಸಿದಳು. ಒರೆಲ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

“ಸುಟ್ಟುಬಿಡೇ. ಎಪ್ಪತ್ತೈದನೇ ವಯಸ್ಸಲ್ಲಿ ಅನಾಥ ಆಗೋದು ಕಷ್ಟ. ನನಗಾದ್ರೆ ಹುಟ್ಟಿದಾಗಿಂದ ಅಭ್ಯಾಸ.”

“ನಿನ್ನ ಪಟ?”

“ನನ್ನ ಮುಖ ಗೋಡೆ ಮೇಲೆ ಹಾಕಿದ್ರೆ ಮಕ್ಕಳು ಹೆದರ್ಕೋತಾರೆ.”

ಅವಳು ಸುಡಲಿಲ್ಲ, ಸಭೆಯಲ್ಲಿ ಓದಬಾರದು ಎಂದೂ ಅಂದೇ ತೀರ್ಮಾನಿಸಿದಳು. ಎರಡೂ ಸಾಲುಗಳನ್ನು ತಾರೀಖಿನ ಕ್ರಮದಲ್ಲಿ, ಉಳಿದ ನೂರಾರು ಸಾಲುಗಳ ನಡುವೆ, ಉಳಿದವುಗಳಷ್ಟೇ ದಪ್ಪಕ್ಷರದಲ್ಲಿ ಟೈಪು ಮಾಡಿ, ಕಟ್ಟನ್ನು ರೋಸೇರ್ ಅವರ ಬಾಗಿಲಿಗೆ ತಲುಪಿಸಿದಳು. “ಸಾಲು ಬಿಟ್ಟು ಟೈಪು ಮಾಡೋಕೆ ನನಗೆ ಬರಲ್ಲ,” ಎಂದಳು ಗಂಡನಿಗೆ.

ನಾಲ್ಕನೆಯ ದಿನ ಕಟ್ಟು ವಾಪಸ್ಸು ಬಂತು. ಪ್ರತಿ ಸಾಲಿನ ಮುಂದೆಯೂ ಗುರುತಿತ್ತು. ಆ ಎರಡು ಸಾಲುಗಳ ಮುಂದೆಯೂ ಇತ್ತು, ಉಳಿದವುಗಳಷ್ಟೇ ಚಿಕ್ಕದು, ಅಷ್ಟೇ ನೇರ. ಆ ಗುರುವಾರ ರೋಸೇರ್ ಇಸ್ಪೀಟಿಗೆ ಬರಲಿಲ್ಲ. ಫೆರ್ನಾಂದ್ ಕಿಟಕಿಯಿಂದ ನೋಡಿದಾಗ ಬೂದು ನಿಲುವಂಗಿ ನದಿಯ ಕಟ್ಟೆಯ ತುದಿಯಲ್ಲಿ ಕೂತಿತ್ತು. ನದಿಯಂಚಿನಲ್ಲೇ ಎಂಬತ್ತು ವರ್ಷ ಬದುಕಿದ ಜೋಟಿಕ್ ಅಜ್ಜ ಒಂದು ದಿನವೂ ದೋಣಿ ಹತ್ತಿದವನಲ್ಲ ಎಂದು ಊರಲ್ಲಿ ತಮಾಷೆಯ ಮಾತಿತ್ತು. ಅದು ಅವಳಿಗೆ ಆಗ ನೆನಪಾಯಿತು.

ಆಗಸ್ಟಿನ ಎರಡನೆಯ ಭಾನುವಾರ ಕುಟುಂಬದ ಕೂಟ. ಚರ್ಚಿನ ಹಿಂದಿನ ಹುಲ್ಲಿನ ಮೇಲೆ ಉದ್ದನೆಯ ಮೇಜುಗಳು, ಮುನ್ನೂರು ಜನ, ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸು, ಮೇಪಲ್ ಪಾಕದ ಕಡುಬು. ಪ್ರತಿ ಮೇಜಿನ ಹಿರಿಯರು ಎದ್ದು ತಮ್ಮ ಸರಪಣಿಯನ್ನು ಸಿಪಾಯಿಯವರೆಗೆ ಒಪ್ಪಿಸುವುದು ರೂಢಿ. ಎಲ್ಲರಾದ ಮೇಲೆ ಅಧ್ಯಕ್ಷರು. ಇಪ್ಪತ್ತೈದು ವರ್ಷ ಒಂದೇ ಉಸಿರಿಗೆ ಒಪ್ಪಿಸಿದ್ದ ರೋಸೇರ್ ಅಂದು ಎದ್ದು ನಿಂತು, ಗದ್ದ ಮೇಲೆತ್ತಿ, ಮೂಗಿನಿಂದ ಗಾಳಿ ಎಳೆದುಕೊಂಡರು.

“ಅಲ್ಸೀದನ ರೋಸೇರ. ಜೋಟಿಕನ ಅಲ್ಸೀದ.” ಅಲ್ಲಿಗೆ ನಿಲ್ಲಿಸಿದರು. “ಜೋಟಿಕ ಐರಿಶ್ ಹಡಗಿನಿಂದ ಇಳಿದ ಮಗು. ಯಾರ ಮಗ ಅಂತ ಯಾರೂ ಬರೆದಿಟ್ಟಿಲ್ಲ. ಮುಂದೆ ಗೊತ್ತಿಲ್ಲ.”

ಹಿಂದಿನ ಮೇಜಿನಿಂದ ಒಬ್ಬ ಕೂಗಿದ: “ಹಾಗಾದ್ರೆ ಬಿಷಪ್ಪರು?”

“ಬಿಷಪ್ಪರೂ ಅಷ್ಟೇ.”

“ನಾಳೆ ಪೋಪೂ ಐರಿಶ್ನೋರೇ ಅಂತೀಯೇನೋ ಮಾರಾಯ!”

ನಗು ಇನ್ನೂ ತಣಿದಿರಲಿಲ್ಲ, ರೋಸೇರ್ ನಿಯಮದ ಪುಸ್ತಕವನ್ನು ಫೆರ್ನಾಂದಳ ಮುಂದೆ ಇಟ್ಟರು. ತಾನು ಸದಸ್ಯನಲ್ಲ, ಆದ್ದರಿಂದ ಅಧ್ಯಕ್ಷನೂ ಅಲ್ಲ, ಗೋಡೆಯಿಂದ ಬಿಷಪ್ಪರ ಪಟ ಸಂಜೆಯೊಳಗೆ ಇಳಿಯಬೇಕು, ಕ್ಯಾನು ಹಿಂದಕ್ಕೆ. ಅಷ್ಟು ಹೇಳಿ ಕೂತರು.

ಬಿಷಪ್ಪರನ್ನು ಇಳಿಸಲು ಯಾರಿಗೂ ಮನಸ್ಸಿರಲಿಲ್ಲ. ಫೆರ್ನಾಂದ್ ಎದ್ದು, ಹದಿನೆಂಟು ವರ್ಷದಿಂದ ಕೈಚೀಲದಲ್ಲಿಟ್ಟುಕೊಂಡಿದ್ದ ತಿದ್ದುಪಡಿಯ ಒಂದು ಸಾಲನ್ನು ಓದಿದಳು: ಲಾತುಲಿಪ್ ಮನೆಯಲ್ಲಿ ಹೆಸರು ಕೊಟ್ಟು ಸಾಕಿದ ಮಕ್ಕಳೆಲ್ಲ ಲಾತುಲಿಪ್. ಪರವಾಗಿ ಕೈಗಳು ಹುಲ್ಲಿನ ತುಂಬ ಎದ್ದವು. ವಿರುದ್ಧ ಯಾರು ಎಂದಾಗ ಎದ್ದದ್ದು ಒಂದೇ ಕೈ, ಬೂದು ತೋಳಿನದು.

“ರೋಸೇರ್, ಕೈ ಇಳಿಸು. ನೀನು ಸದಸ್ಯ ಅಲ್ಲ. ನಿನಗೆ ಓಟಿಲ್ಲ.”

ಅವರು ಕೈಯನ್ನೊಮ್ಮೆ ನೋಡಿಕೊಂಡರು. “ಹೌದಲ್ಲ,” ಎಂದು ಇಳಿಸಿದರು. ಸರಿಯಾದದ್ದೇ ಆಯಿತು ಎಂಬಂತಿತ್ತು ಅವರ ಮುಖ.

ಮರುದಿನ ನೆಲಮಾಳಿಗೆಯಲ್ಲಿ ಒರೆಲ್‌ನ ಪಟ ಹಾಕಿದವರು ರೋಸೇರ್ ಅವರೇ. ಬೇರೆ ಯಾರು ಹಾಕಿದರೂ ಸೊಟ್ಟಗಾಗುತ್ತದೆ ಎಂಬುದು ಅವರ ವಾದ. ಒರೆಲ್ ಎದುರಿಗೆ ಕುರ್ಚಿಯಲ್ಲಿ ಕೂತಿದ್ದ, ಫೆರ್ನಾಂದ್ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

“ಒಂಚೂರು ಎಡಕ್ಕೆ,” ಎಂದ ಒರೆಲ್.

“ನೀನು ಸುಮ್ನಿರು. ಮಟ್ಟಗೋಲಿನ ಗುಳ್ಳೆ ಹೇಳುತ್ತೆ.”

ಕೆಳಗೆ ಅಂಟಿಸುವ ಚೀಟಿಯನ್ನು ಅವರೇ ಬರೆದು ತಂದಿದ್ದರು: ಒರೆಲ್ ಲಾತುಲಿಪ್, ಗೋಲ್‌ಕೀಪರ್, ಎರಡು ಚಳಿಗಾಲ, ಸಾಂ-ಕ್ಲೋವಿಸ್‌ನಲ್ಲಿ ಸಾಕಿದ್ದು. ಅದನ್ನು ಅಂಟಿಸಿ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು, ಜೇಬಿನ ಗಿಡ್ಡ ಪೆನ್ಸಿಲು ತೆಗೆದು, ಬಿಷಪ್ಪರ ಚೀಟಿಯ ಕೊನೆಗೆ, ಅಜ್ಜನನ್ನು ನೆನೆದು, “ಸಾಕುಮಗನ ಮಗ” ಎಂದು ಸೇರಿಸಿದರು. ಮುಂದಿನ ವಾರ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ಅಷ್ಟೆಲ್ಲ ಬೇಡ ಎಂದು ಫೆರ್ನಾಂದ್ ಎಷ್ಟು ಹೇಳಿದರೂ ಸಾಲಿನಲ್ಲಿ ನಿಂತೇ ಕೊಟ್ಟರು. ಸಾಲಿನಲ್ಲಿ ಅವರೊಬ್ಬರೇ ಇದ್ದರು.

ಒರೆಲ್ ಮುಂದಿನ ಮಾರ್ಚಿನಲ್ಲಿ ತೀರಿಕೊಂಡ. ಅಷ್ಟರೊಳಗೆ ಐವತ್ತಾರು ಸಲ ನೆಲಮಾಳಿಗೆಗೆ ಇಳಿದಿದ್ದ. ಏನೋ ಮರೆತು ಬಂದೆ ಎಂದು ಪ್ರತಿ ಸಲ ಒಂದು ನೆಪ ಹೇಳುತ್ತಿದ್ದ, ಎಣಿಸಿದವಳು ಹೆಂಡತಿ. ರೋಸೇರ್ ಮತ್ತೆ ನಾಲ್ಕು ವರ್ಷ ಇದ್ದರು. ಎದುರಾದವರನ್ನು ಮೂಸುವುದನ್ನು ಬಿಡಲಿಲ್ಲ, “ನೀನು ಯಾರ ಪೈಕಿ?” ಎಂದು ಕೇಳುವುದನ್ನೂ ಬಿಡಲಿಲ್ಲ. ಆದರೆ “ಗೊತ್ತಿಲ್ಲ” ಎಂಬ ಉತ್ತರ ಬಂದರೆ ಆಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: “ಸಾಕಿದ್ದು ಯಾರು?”

ಅಳತೆಗೋಲು ಹಿಡಿದು ಬಾಗಿಲಲ್ಲಿ ನಿಲ್ಲುವ ಇಂಥ ಒಬ್ಬರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರ ಜೊತೆ ಬಾಳುವುದು ಕಷ್ಟ. ಅವರ ನಿಯಮಗಳು ಎಷ್ಟೋ ಸಲ ತಪ್ಪಾಗಿರುತ್ತವೆ, ಆ ತಪ್ಪಿನಿಂದ ನೊಂದವರ ವರ್ಷಗಳನ್ನು ಅವರು ಹಿಂದಿರುಗಿಸಲಾರರು. ಇವರಲ್ಲಿ ಹೆಚ್ಚಿನವರು ತಮ್ಮ ಮನೆಯ ಕ್ಯಾನು ಬಂದ ದಿನ ನೆಗಡಿಯೆಂದು ರಜೆ ಹಾಕುತ್ತಾರೆ. ಎಲ್ಲೋ ಒಬ್ಬರು ಮಾತ್ರ ಅಂದೂ ಮುಚ್ಚಳ ತೆಗೆಯುತ್ತಾರೆ. ನಿಯಮ ತಿದ್ದುವ ಧೈರ್ಯ ಊರಿಗೆ ಬರುವುದು ಅಂಥವರಿಂದಲೇ, ಅವರ ಕೈ ಅದರ ವಿರುದ್ಧ ಎದ್ದಿದ್ದರೂ ಸಹ.